ಆಡಿ ಗೆದ್ದ ಔಡಿ, ಆಡಿ ಕೆಟ್ಟ ಔಡಿ

1985ರ ಮಾರ್ಚ್ 10, ಭಾನುವಾರ. ನಮ್ಮ ಬೀದಿಗೆಲ್ಲ ಆಗ ಇದ್ದದ್ದು ಎರಡೇ ಟೀವಿ. ಅದರಲ್ಲಿ ಒಂದರ ಮುಂದೆ, ಒಬ್ಬರ ಮಂಡಿ ಇನ್ನೊಬ್ಬರ ಬೆನ್ನಿಗೆ ಒತ್ತುವಷ್ಟು ಇಕ್ಕಟ್ಟಿನಲ್ಲಿ ಚಾಪೆಯ ಮೇಲೆ ಕುಳಿತು ಮೆಲ್ಬರ್ನಿನಲ್ಲಿ ನಡೆದ ವಿಶ್ವ ಕ್ರಿಕೆಟ್ ಚಾಂಪಿಯನ್‌ಷಿಪ್ಪಿನ ಫೈನಲ್ ನೋಡಿದೆವು. ಪಾಕಿಸ್ತಾನ 176 ರನ್ ಗಳಿಸಿತು. ಭಾರತ ಎರಡೇ ವಿಕೆಟ್ ಕೊಟ್ಟು ಅದನ್ನು ದಾಟಿತು. ವಿಕೆಟ್ ಹಿಂದೆ ನಮ್ಮ ಬೆಂಗಳೂರಿನ ಸದಾನಂದ ವಿಶ್ವನಾಥ್ ಇದ್ದರು, ಆ ಹೆಮ್ಮೆ ಬೇರೆ. ಆದರೂ ಮರುದಿನ ಶಾಲೆಯಲ್ಲಿ ಪಂದ್ಯದ ಸುದ್ದಿಗಿಂತ ಕಾರಿನ ಸುದ್ದಿಯೇ ಜೋರಾಗಿತ್ತು. ಟೂರ್ನಿಯ ಶ್ರೇಷ್ಠ ಆಟಗಾರನೆಂದು ರವಿ ಶಾಸ್ತ್ರಿಗೆ ಬಹುಮಾನವಾಗಿ ಸಿಕ್ಕ ಔಡಿ 100. ಶಾಸ್ತ್ರಿ ಸ್ಟಿಯರಿಂಗ್ ಹಿಡಿದು ಕುಳಿತರು. ಉಳಿದವರು ಬಾನೆಟ್ಟು, ಚಾವಣಿ, ಡಿಕ್ಕಿ ಎಂದು ನೋಡದೆ ಹತ್ತಿಬಿಟ್ಟರು. ದಿಬ್ಬಣದ ಬಸ್ಸಿನಂತೆ ತುಂಬಿಕೊಂಡ ಕಾರು ಮೈದಾನ ಸುತ್ತಿತು. ಅಂಬಾಸಡರ್, ಫಿಯೆಟ್‌ಗಳ ಕಾಲದ ಹುಡುಗರಾದ ನಮಗೆ ಅದು ಬಾಹ್ಯಾಕಾಶದಿಂದ ಇಳಿದ ವಸ್ತುವಿನಂತೆ ಕಂಡಿತ್ತು. ‘ಆಡಿ ಗೆದ್ದದ್ದು ಔಡಿ’ ಎಂದು ಕನ್ನಡ ಮೇಷ್ಟ್ರು ತರಗತಿಯಲ್ಲಿ ಶ್ಲೇಷೆಗೆ ಉದಾಹರಣೆ ಕೊಟ್ಟರು.

ಇಪ್ಪತ್ತು ತಿಂಗಳ ನಂತರ, 1986ರ ನವೆಂಬರ್ 23, ಅದೂ ಭಾನುವಾರವೇ. ಅದೇ ಮಾದರಿಯ ಕಾರು ಇನ್ನೊಂದು ದೇಶದ ಟೀವಿಯಲ್ಲಿ ಬಂತು. ಅಮೆರಿಕದಲ್ಲಿ ಅದನ್ನು ಔಡಿ 5000 ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಎಡ್ ಬ್ರಾಡ್ಲಿ ಒಂದು ವರದಿ ನಡೆಸಿಕೊಟ್ಟರು. ಕಾರು ನಿಲ್ಲಿಸುವಾಗ ಇಡುವ ‘ಪಾರ್ಕ್’ ಸ್ಥಾನದಲ್ಲಿದ್ದ ಗೇರನ್ನು ಸರಿಸಿದ ಕೂಡಲೇ ಕಾರು ತಾನಾಗಿ ನುಗ್ಗುತ್ತದೆ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ ಎಂಬುದು ದೂರು. ತನ್ನ ಕಾರಿಗೇ ತನ್ನ ಮಗುವನ್ನು ಕಳೆದುಕೊಂಡ ತಾಯಿಯೊಬ್ಬರು ಆ ದಿನದ ಘಟನೆ ಹೇಳಿದರು. ಅದನ್ನು ಕೇಳಿದ ಮೇಲೆ ಎಂಜಿನಿಯರಿಂಗ್ ಮಾತು ಯಾರ ಕಿವಿಗೆ ಹೋದೀತು?

ಕಣ್ಣಿಗೆ ಬೇಕಾದ ಸಾಕ್ಷಿಯೂ ಆ ವರದಿಯಲ್ಲಿತ್ತು. ಔಡಿಯ ಒಳಗೆ ಯಾರ ಪಾದವೂ ತಾಗದೆ ಆಕ್ಸಿಲರೇಟರ್ ಪೆಡಲ್ ತಾನಾಗಿ ಕೆಳಗಿಳಿಯಿತು. ನೋಡಿದವರ ಮೈ ಜುಮ್ಮೆಂದಿರಬೇಕು. ಅದನ್ನು ಹಾಗೆ ಇಳಿಸಲು ತಜ್ಞರೊಬ್ಬರು ಗೇರ್‌ಬಾಕ್ಸಿಗೆ ರಂಧ್ರ ಕೊರೆದು, ಹೊರಗಿನಿಂದ ಕೊಳವೆಯಲ್ಲಿ ಒತ್ತಡ ಹಾಯಿಸಿದ್ದರು. ರಸ್ತೆಯ ಮೇಲಿರುವ ಕಾರಿನಲ್ಲಿ ಆ ರಂಧ್ರವೂ ಇರುವುದಿಲ್ಲ, ಆ ಕೊಳವೆಯೂ ಇರುವುದಿಲ್ಲ. ಆದರೆ ಟೀವಿಯ ಚೌಕಟ್ಟಿನಲ್ಲಿ ಕಂಡದ್ದು ಇಳಿಯುವ ಪೆಡಲ್ ಮಾತ್ರ.

ದೂರು ಅಂದು ಹುಟ್ಟಿದ್ದಲ್ಲ. 1982ರಿಂದಲೇ ಔಡಿ ಈ ಕಾರುಗಳನ್ನು ಕಂತುಕಂತಾಗಿ ವಾಪಸ್ ಕರೆಸಿಕೊಳ್ಳುತ್ತಿತ್ತು. ಮೊದಲು ಕಾಲಡಿಯ ಮ್ಯಾಟ್ ಜಾರಿ ಪೆಡಲಿಗೆ ಸಿಕ್ಕಿಕೊಳ್ಳಬಹುದೆಂದು ಕರೆಸಿತು, ಆಮೇಲೆ ಪೆಡಲುಗಳ ನಡುವಿನ ಎತ್ತರದ ವ್ಯತ್ಯಾಸ ಸರಿಪಡಿಸಲು ಕರೆಸಿತು. ಇಂಥ ಅಪಘಾತಗಳ ಲೆಕ್ಕ ಏಳುನೂರಕ್ಕೆ, ಸಾವಿನ ಲೆಕ್ಕ ಆರಕ್ಕೆ ಮುಟ್ಟಿತ್ತು. 1986ರ ಆರಂಭದಲ್ಲೇ ಗ್ರಾಹಕ ಸಂಘಟನೆಗಳೂ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ಲೂ ಕೇಂದ್ರದ ರಸ್ತೆ ಸುರಕ್ಷತಾ ಇಲಾಖೆಗೆ ಅರ್ಜಿ ಹಾಕಿದ್ದರು. ಟೀವಿ ಹಚ್ಚಿದ್ದು ಬೆಂಕಿಯಾದರೆ, ಒಣಹುಲ್ಲು ಅಷ್ಟರಲ್ಲಾಗಲೇ ಮೆದೆ ಮೆದೆಯಾಗಿ ಬಿದ್ದಿತ್ತು.

ಕಂಪನಿ ಏನು ಉತ್ತರ ಕೊಟ್ಟಿತು? ಕಾರಿನಲ್ಲಿ ದೋಷವಿಲ್ಲ, ಓಡಿಸುವವರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತುತ್ತಿದ್ದಾರೆ ಎಂದಿತು. ಈ ಪ್ರಕರಣದ ಬಗ್ಗೆ ಓದಿದಷ್ಟೂ ನನ್ನನ್ನು ಹಿಡಿದು ನಿಲ್ಲಿಸುವುದು ಈ ಉತ್ತರ. ಏಕೆಂದರೆ ಅದು ಬಹುಮಟ್ಟಿಗೆ ನಿಜ. ನಿಜವಾಗಿದ್ದೂ ಕಂಪನಿಯನ್ನು ಮುಳುಗಿಸುವುದರಲ್ಲಿತ್ತು.

ನಿಜ ಎಂದು ಇಷ್ಟು ಧೈರ್ಯವಾಗಿ ಹೇಳಲು ನನ್ನದೇ ಒಂದು ಸಣ್ಣ ಕಾರಣವಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಮೂವತ್ತು ವರ್ಷ ಕ್ಲಚ್ಚು ಗೇರಿನ ಕಾರು ಓಡಿಸಿದವರು, ಒಂದು ಗೀರೂ ಮಾಡಿಕೊಂಡವರಲ್ಲ. ಮಂಡಿ ನೋವೆಂದು ಮಗ ಆಟೊಮ್ಯಾಟಿಕ್ ಕಾರು ಕೊಡಿಸಿದ. ಮೂರನೆಯ ದಿನವೋ ನಾಲ್ಕನೆಯ ದಿನವೋ ನೆಲಮಾಳಿಗೆಯಲ್ಲಿ ತಮ್ಮ ಜಾಗಕ್ಕೆ ನಿಧಾನವಾಗಿ ನುಗ್ಗಿಸುತ್ತಿದ್ದವರು ಇನ್ನೇನು ಎರಡು ಅಡಿ ಉಳಿದಿದೆ ಎನ್ನುವಾಗ ಕಾರು ಒಮ್ಮೆಲೇ ಗರ್ಜಿಸಿ ಕಂಬಕ್ಕೆ ಅಪ್ಪಳಿಸಿತು. ನಾನು ಓಡಿ ಹೋಗಿ ಬಾಗಿಲು ತೆಗೆದಾಗ ಅವರ ಕೈ ನಡುಗುತ್ತಿತ್ತು, ಎಂಜಿನ್ ಇನ್ನೂ ಕೂಗುತ್ತಿತ್ತು. “ನಾನು ಒತ್ತಿದ್ದು ಬ್ರೇಕೇ,” ಎಂದರು. “ಒತ್ತಿದಷ್ಟೂ ಓಡಿತು.”

ಒತ್ತಿದಷ್ಟೂ ಓಡಿತು! ಇಡೀ ಔಡಿ ಪ್ರಕರಣದ ಬೀಗದ ಕೈ ಆ ಎರಡು ಪದಗಳಲ್ಲಿದೆ. ಪಾದ ಎಲ್ಲಿದೆ ಎಂದು ನಾವು ಕಣ್ಣಿನಿಂದ ನೋಡಿ ತಿಳಿಯುವುದಿಲ್ಲ. ಪಾದಕ್ಕೇ ಒಂದು ನೆನಪಿದೆ, ಅದನ್ನು ನಂಬಿ ಒತ್ತುತ್ತೇವೆ. ನೆನಪು ಎರಡು ಇಂಚು ತಪ್ಪಿದಾಗ ಕಾರು ಮುಂದಕ್ಕೆ ಜಿಗಿಯುತ್ತದೆ. ಜಿಗಿದ ಕಾರನ್ನು ನಿಲ್ಲಿಸಲು ಮನಸ್ಸು ಪಾದಕ್ಕೆ ಕೊಡುವ ಅಪ್ಪಣೆ ‘ಇನ್ನೂ ಒತ್ತು’ ಎಂದು. ಒತ್ತಿದರೆ ಇನ್ನಷ್ಟು ವೇಗ. ಅಲ್ಲಿಗೆ ಪಾದವನ್ನು ಎತ್ತುವ ಆಲೋಚನೆ ಬರುವುದೇ ಇಲ್ಲ, ಏಕೆಂದರೆ ಓಡಿಸುವವನ ಪಾಲಿಗೆ ಅದು ಬ್ರೇಕ್. ಅವನು ಸುಳ್ಳು ಹೇಳುತ್ತಿಲ್ಲ. ಅವನು ಒತ್ತಿದ್ದು ಬ್ರೇಕೇ, ಅವನ ಮಟ್ಟಿಗೆ.

ಔಡಿಯಲ್ಲೇ ಇದು ಹೆಚ್ಚು ಏಕಾಯಿತು ಎಂಬ ಪ್ರಶ್ನೆಗೆ ಉತ್ತರ ಪೆಡಲುಗಳಲ್ಲಿದೆ. ಅಮೆರಿಕದ ದೊಡ್ಡ ಕಾರುಗಳಲ್ಲಿ ಬ್ರೇಕ್ ಪೆಡಲ್ ಅಗಲ, ಆಕ್ಸಿಲರೇಟರಿಗಿಂತ ಎದ್ದು ಕಾಣುವಷ್ಟು ಎತ್ತರ. ಔಡಿಯಲ್ಲಿ ಎರಡೂ ಹತ್ತಿರ ಹತ್ತಿರ, ಮಟ್ಟದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಯುರೋಪಿನ ಚುರುಕು ಚಾಲಕರಿಗೆ ಅದು ಅನುಕೂಲ. ಹಡಗಿನಂಥ ಕಾರಿನಿಂದ ಇಳಿದು ಬಂದ ಅಮೆರಿಕದ ಗೃಹಸ್ಥನಿಗೆ ಪಾದ ಇಡುವ ಜಾಗವೇ ಹೊಸದು. ಇನ್ನೊಂದು ಅಂಶ ಎಂಜಿನ್ನಿನದು. ಕಾರು ನಿಂತಿದ್ದಾಗ ಎಂಜಿನ್ ಒಂದೇ ಹದದಲ್ಲಿ ತಿರುಗುವಂತೆ ನೋಡಿಕೊಳ್ಳುವ ಒಂದು ವಿದ್ಯುತ್ ಕವಾಟ ಆ ಮಾದರಿಯಲ್ಲಿತ್ತು. ಅದು ಕೆಟ್ಟರೆ ಎಂಜಿನ್ ಕ್ಷಣಕಾಲ ಏರುತ್ತದೆ, ಕಾರು ತುಸು ಜಿಗಿಯುತ್ತದೆ. ಆ ಜಿಗಿತದಿಂದ ಯಾರೂ ಸಾಯುವುದಿಲ್ಲ. ಆದರೆ ಬೆಚ್ಚಿಬಿದ್ದವನು ಧಡಕ್ಕನೆ ಕಾಲು ಊರುತ್ತಾನಲ್ಲ, ಊರಿದ್ದು ತಪ್ಪು ಪೆಡಲಿನ ಮೇಲಾದರೆ?

ಇದನ್ನೆಲ್ಲ ನಾನು ಊಹಿಸಿ ಬರೆಯುತ್ತಿಲ್ಲ. ಸಾರಿಗೆ ಇಲಾಖೆಯ ಮ್ಯಾಸಚೂಸೆಟ್ಸ್ ಸಂಶೋಧನಾ ಕೇಂದ್ರ ಔಡಿಯ ಜೊತೆಗೆ ಬೇರೆ ಕಂಪನಿಗಳ ಕಾರುಗಳನ್ನೂ ಬಿಚ್ಚಿ ನೋಡಿ 1989ರ ಜನವರಿಯಲ್ಲಿ ವರದಿ ಕೊಟ್ಟಿತು. ಸಾರಾಂಶ ಇಷ್ಟು: ಎಂಜಿನ್ ಪೂರ್ತಿ ವೇಗದಲ್ಲಿ ನುಗ್ಗುವುದು ಮತ್ತು ಬ್ರೇಕ್ ಕೈಕೊಡುವುದು, ಎರಡೂ ಒಂದೇ ಗಳಿಗೆಯಲ್ಲಿ ಆಗಿ, ಅಪಘಾತದ ನಂತರ ಎರಡರ ಕುರುಹೂ ಮಾಯವಾಗುವಂಥ ಯಾವ ದೋಷವೂ ಸಿಗಲಿಲ್ಲ. ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತೆರೆದಿದ್ದರೂ ಬ್ರೇಕ್ ಅದನ್ನು ಹಿಡಿದು ನಿಲ್ಲಿಸಬಲ್ಲದು. ಉಳಿದ ವಿವರಣೆ ಒಂದೇ, ಪೆಡಲ್ ತಪ್ಪಿದ್ದು. ಪೆಡಲುಗಳ ವಿನ್ಯಾಸವೂ ಆ ಸಣ್ಣ ಜಿಗಿತವೂ ತಪ್ಪಿಗೆ ದಾರಿ ಮಾಡಿಕೊಟ್ಟಿರಬಹುದು ಎಂದೂ ವರದಿ ಹೇಳಿತು. ಕಂಪನಿಯ ಅಭಿಮಾನಿಗಳು ಈ ಕೊನೆಯ ಮಾತನ್ನು ನುಂಗಿಕೊಂಡು ಮೊದಲರ್ಧವನ್ನಷ್ಟೇ ಹೇಳುತ್ತಾರೆ. ಅದು ಸರಿಯಲ್ಲ.

ಇಲ್ಲಿ ಔಡಿ ಎಂಬ ಹೆಸರಿನ ಕತೆ ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗದು. ಆಗಸ್ಟ್ ಹಾರ್ಕ್ ಎಂಬ ಜರ್ಮನ್ ಎಂಜಿನಿಯರ್ ಕಾರ್ಲ್ ಬೆಂಜ್ ಬಳಿ ಪಳಗಿ, 1899ರಲ್ಲಿ ತನ್ನ ಹೆಸರಿನಲ್ಲೇ ಕಂಪನಿ ಕಟ್ಟಿದ. ಹತ್ತು ವರ್ಷಕ್ಕೆ ಆಡಳಿತ ಮಂಡಳಿಯೊಂದಿಗೆ ಜಗಳವಾಗಿ ಹೊರಬಿದ್ದು ಇನ್ನೊಂದು ಕಂಪನಿ ಶುರುಮಾಡಿದ. ಹಳೆಯವರು ಕೋರ್ಟಿಗೆ ಹೋದರು. ಸ್ವಂತ ಹೆಸರನ್ನು ಇಟ್ಟುಕೊಳ್ಳುವ ಹಕ್ಕೂ ಹಾರ್ಕ್‌ಗೆ ಉಳಿಯಲಿಲ್ಲ. ಏನು ಹೆಸರಿಡೋಣ ಎಂದು ತ್ಸ್ವಿಕಾವ್ ಪಟ್ಟಣದ ಗೆಳೆಯನೊಬ್ಬನ ಮನೆಯಲ್ಲಿ ದೊಡ್ಡವರು ತಲೆ ಕೆರೆದುಕೊಳ್ಳುತ್ತಿದ್ದಾಗ, ಮೂಲೆಯಲ್ಲಿ ಲ್ಯಾಟಿನ್ ಪಾಠ ಓದುತ್ತಿದ್ದ ಆ ಮನೆಯ ಹುಡುಗ ‘ಔಡಿ ಎಂದಿಟ್ಟರೆ?’ ಎಂದನಂತೆ. ‘ಹಾರ್ಕ್’ ಎಂದರೆ ಜರ್ಮನ್ ಭಾಷೆಯಲ್ಲಿ ‘ಕೇಳು’. ಲ್ಯಾಟಿನ್ನಿನಲ್ಲಿ ಅದೇ ‘ಔಡಿ’. ಇನ್ನೊಂದು ಪಕ್ಷದ ಮಾತೂ ಕೇಳಿಬರಲಿ ಎಂಬ ಹಳೆಯ ಲ್ಯಾಟಿನ್ ಸೂಕ್ತಿಯನ್ನು ಹುಡುಗ ಉಲ್ಲೇಖಿಸಿದ ಎನ್ನುತ್ತದೆ ಕತೆ.

ಆ ಸೂಕ್ತಿ ನಮ್ಮ ಹೈಕೋರ್ಟಿನ ಆವರಣದಲ್ಲಿ ನಿತ್ಯ ಕಿವಿಗೆ ಬೀಳುವಂಥದ್ದು. ನೋಟಿಸ್ ಕೊಡದೆ, ಅಹವಾಲು ಕೇಳದೆ ಸರ್ಕಾರಿ ನೌಕರನನ್ನು ವಜಾ ಮಾಡಿದರೆ ಆ ಆದೇಶ ನಿಲ್ಲದಿರುವುದು ಇದೇ ‘ಔಡಿ ಆಲ್ಟರಮ್ ಪಾರ್ಟೆಮ್’ ತತ್ವದ ಮೇಲೆ. 1986ರಲ್ಲಿ ಅಮೆರಿಕದ ಜನ ಔಡಿಯ ಅಹವಾಲು ಕೇಳಲಿಲ್ಲ ಎಂದು ಮರುಗುವವರಿದ್ದಾರೆ. ನನಗೆ ಅದರಷ್ಟೇ ಕಾಡುವುದು ಇನ್ನೊಂದು: ‘ಕೇಳು’ ಎಂದೇ ಹೆಸರಿಟ್ಟುಕೊಂಡ ಕಂಪನಿ 1982ರಿಂದ ನಾಲ್ಕು ವರ್ಷ ತನ್ನ ಗ್ರಾಹಕರು ಹೇಳಿದ್ದನ್ನು ಕೇಳಿಸಿಕೊಂಡ ಬಗೆ ಎಂಥದ್ದು? ಜನ ಪೆಡಲ್ ತಪ್ಪುತ್ತಿದ್ದಾರೆ ಎಂದು ಗೊತ್ತಿದ್ದರೆ, ತಪ್ಪದಂತೆ ಏನು ಮಾಡಬೇಕು ಎಂಬುದು ಮುಂದಿನ ಪ್ರಶ್ನೆಯಾಗಬೇಕಿತ್ತು. ಆ ಪ್ರಶ್ನೆಗೆ ಉತ್ತರ ಬಂದದ್ದು ಟೀವಿಯಲ್ಲಿ ಮಾನ ಹೋದ ಮೇಲೆ.

ಉತ್ತರ ಸರಳವಾಗಿತ್ತು. 1987ರ ಜನವರಿಯಲ್ಲಿ ಔಡಿ ಸುಮಾರು ಎರಡೂವರೆ ಲಕ್ಷ ಕಾರುಗಳನ್ನು ಕರೆಸಿಕೊಂಡು ಗೇರಿಗೆ ಒಂದು ಬೀಗ ಜೋಡಿಸಿತು. ಬ್ರೇಕ್ ಒತ್ತದ ಹೊರತು ಗೇರ್ ಸನ್ನೆ ಪಾರ್ಕ್‌ನಿಂದ ಕದಲುವುದಿಲ್ಲ. ಪಾದ ತಪ್ಪು ಪೆಡಲಿನ ಮೇಲಿದ್ದರೆ ಕಾರು ಹೊರಡುವುದೇ ಇಲ್ಲ. ಇಂದು ನೀವು ಯಾವ ಆಟೊಮ್ಯಾಟಿಕ್ ಕಾರು ಹತ್ತಿದರೂ ಬ್ರೇಕ್ ತುಳಿದ ಮೇಲೇ ಗೇರ್ ಸರಿಯುವುದು; ಅಮೆರಿಕದಲ್ಲಿ 2010ರಿಂದ ಅದು ಕಾನೂನೇ ಆಗಿದೆ. ನಮ್ಮ ನೆರೆಯವರ ಕಾರಿನಲ್ಲೂ ಆ ಬೀಗ ಇತ್ತು, ಆದರೆ ಹೊರಟು ಆಗಿದ್ದ ಕಾರಿಗೆ ಅದು ಏನು ಮಾಡೀತು.

ಬೀಗ ಬಂತು, ಮೂರು ವರ್ಷದೊಳಗೆ ಸರ್ಕಾರದ ವರದಿಯೂ ಬಂತು. ಗ್ರಾಹಕರು ಮಾತ್ರ ಬರಲಿಲ್ಲ. 1985ರಲ್ಲಿ ಅಮೆರಿಕದಲ್ಲಿ 74,061 ಔಡಿಗಳು ಮಾರಾಟವಾಗಿದ್ದವು. 1991ರಲ್ಲಿ 12,283. ಆರು ವರ್ಷದಲ್ಲಿ ಆರರಲ್ಲಿ ಒಂದು ಪಾಲು. ಹಳೆಯ ಕಾರಿನ ಬೆಲೆ ಕುಸಿದು, ನಮ್ಮ ಕಾರಿಗೆ ಮರುಮಾರಾಟದ ಬೆಲೆಯೇ ಇಲ್ಲವಾಗಿದೆ ಎಂದು ಮಾಲೀಕರು ಮೊಕದ್ದಮೆ ಹೂಡಿದರು. ಹೆಸರು ಎಷ್ಟು ಕೆಟ್ಟಿತೆಂದರೆ 1989ರ ಮಾದರಿಯಿಂದ 5000 ಎಂಬ ಸಂಖ್ಯೆಯನ್ನೇ ಕೈಬಿಟ್ಟು, ಉಳಿದ ಜಗತ್ತಿನಲ್ಲಿ ಇದ್ದ 100 ಮತ್ತು 200 ಎಂಬ ಹೆಸರುಗಳನ್ನು ಅಲ್ಲಿಗೂ ತಂದರು. ಶಾಸ್ತ್ರಿಯ ಕಾರಿನ ಹೆಸರು ಅಮೆರಿಕಕ್ಕೆ ಹೋದದ್ದು ಹೀಗೆ. 5000 ಮಾತ್ರ ಅಲ್ಲಿನ ಹುಡುಗರ ಆಡುನುಡಿಯಲ್ಲಿ ಬದುಕಿ ಉಳಿಯಿತು: ‘ನಾನು ಔಡಿ 5000’ ಎಂದರೆ ‘ನಾನು ಇಲ್ಲಿಂದ ಹೊರಟೆ’ ಎಂದು.

ಅಷ್ಟೂ ಕುಸಿತವನ್ನು ಒಂದು ಟೀವಿ ವರದಿಯ ತಲೆಗೆ ಕಟ್ಟುವುದು ಈ ಪ್ರಕರಣದ ಬಗ್ಗೆ ಬರೆಯುವವರ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಡಾಲರಿನ ಮೌಲ್ಯ ಇಳಿಸಲೆಂದು ಐದು ದೇಶಗಳು 1985ರ ಸೆಪ್ಟೆಂಬರಿನಲ್ಲಿ ಮಾಡಿಕೊಂಡ ಪ್ಲಾಜಾ ಒಪ್ಪಂದದ ನಂತರ ಡಾಲರ್ ಇಳಿದು ಜರ್ಮನ್ ಮಾರ್ಕ್ ಏರಿತು. ಜರ್ಮನ್ ಕಾರುಗಳೆಲ್ಲ ಅಮೆರಿಕದಲ್ಲಿ ದುಬಾರಿಯಾದವು. 1986ರಲ್ಲಿ ಹೋಂಡಾದವರ ಅಕ್ಯುರಾ ಬಂತು. 1989ರಲ್ಲಿ ಟೊಯೋಟಾದವರ ಲೆಕ್ಸಸ್, ನಿಸ್ಸಾನ್‌ನವರ ಇನ್ಫಿನಿಟಿ ಎರಡೂ ಬಂದವು. ಔಡಿ ಆಗ ಮರ್ಸಿಡಿಸ್‌ನಷ್ಟು ಘನತೆಯದಲ್ಲ, ಜಪಾನಿನ ಕಾರಿನಷ್ಟು ನೆಮ್ಮದಿಯದೂ ಅಲ್ಲ. ಇಂಥ ನಡುಮನೆಯವನಿಗೆ ಊರಲ್ಲಿ ಅಪವಾದ ಬಂದರೆ ಪಕ್ಕಕ್ಕೆ ನಿಲ್ಲುವವರು ಕಡಿಮೆ.

ನಡುಮನೆಯವನು ಎಂದೆ, ಅದಕ್ಕೆ ಹಿನ್ನೆಲೆಯಿದೆ. ಕಾರಿನ ಮುಂದಿರುವ ನಾಲ್ಕು ಬಳೆಗಳು 1932ರಲ್ಲಿ ಕೂಡಿಕೊಂಡ ನಾಲ್ಕು ಕಂಪನಿಗಳ ಗುರುತು: ಔಡಿ, ಡಿಕೆಡಬ್ಲ್ಯು, ಹಾರ್ಕ್, ವಾಂಡರರ್. ತಮಾಷೆ ನೋಡಿ, ಜಗಳವಾಡಿ ಬಿಟ್ಟುಬಂದ ಹಾರ್ಕ್ ಕಂಪನಿಯೂ ಔಡಿಯೂ ಕೊನೆಗೆ ಒಂದೇ ಮನೆ ಸೇರಿದವು. ಯುದ್ಧದ ನಂತರ ಕಾರ್ಖಾನೆಗಳಿದ್ದ ಸ್ಯಾಕ್ಸನಿ ರಷ್ಯನ್ನರ ವಶವಾಗಿ, 1949ರಲ್ಲಿ ದಕ್ಷಿಣದ ಇಂಗೋಲ್‌ಸ್ಟಾಟ್‌ನಲ್ಲಿ ಮೊದಲಿನಿಂದ ಕಟ್ಟಬೇಕಾಯಿತು. ಕಂಪನಿ ಕೆಲಕಾಲ ಡೈಮ್ಲರ್-ಬೆಂಜ್ ಕೈಯಲ್ಲಿದ್ದು, ಅರವತ್ತರ ದಶಕದ ನಡುವೆ ಫೋಕ್ಸ್‌ವ್ಯಾಗನ್ ಪಾಲಾಯಿತು. ಐಷಾರಾಮಿ ಕಾರಿನ ಪಟ್ಟ ಔಡಿಗೆ ವಂಶಪಾರಂಪರ್ಯವಾಗಿ ಬಂದದ್ದಲ್ಲ. ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡುವ 1980ರ ಕ್ವಾಟ್ರೊ, 1982ರಲ್ಲಿ ಬಂದ ಗಾಳಿ ಸೀಳುವ ಮೈಕಟ್ಟಿನ ಔಡಿ 100, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಗಳಿಸಿದ್ದು. 1983ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡದ್ದು ಅದೇ 100. ಮೆಲ್ಬರ್ನಿನಲ್ಲಿ ಅದನ್ನು ಬಹುಮಾನವಾಗಿ ನಿಲ್ಲಿಸಿದ್ದು ಆ ಹೊಸ ಹೆಮ್ಮೆಯ ಕಾಲದಲ್ಲಿ. ಹೊಸ ಹೆಮ್ಮೆ ಬೇಗ ಒಡೆಯುತ್ತದೆ.

ಚೇತರಿಕೆಗೆ ಹೆಚ್ಚು ಮಾತು ಬೇಡ. 1994ರಲ್ಲಿ ಅಲ್ಯೂಮಿನಿಯಂ ಮೈಯ ಎ8 ಮತ್ತು ಎಲ್ಲರ ಕೈಗೆಟುಕುವ ಎ4 ಬಂದವು, 1998ರಲ್ಲಿ ಗುಂಡುಗುಂಡಾದ ಟಿಟಿ ಬಂತು. 1985ರ ಮಾರಾಟದ ಅಂಕಿಯನ್ನು ಅಮೆರಿಕದಲ್ಲಿ ಮತ್ತೆ ದಾಟಲು 2000ನೇ ಇಸವಿ ಆಗಬೇಕಾಯಿತು. ಆ ಟಿಟಿಯ ವಿಷಯ ಮಾತ್ರ ಗಮನಿಸಬೇಕಾದ್ದು. ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ಹಿಂಭಾಗ ಹಿಡಿತ ತಪ್ಪಿ ಪ್ರಾಣಹಾನಿಯಾದಾಗ, ಔಡಿ ಮಾರಿದ ಕಾರುಗಳನ್ನು ಕರೆಸಿ, ಹಿಂಬದಿಗೆ ಗಾಳಿತಡೆ ಕೂಡಿಸಿ, ಸ್ಥಿರತೆ ಕಾಯುವ ವಿದ್ಯುನ್ಮಾನ ವ್ಯವಸ್ಥೆ ಅಳವಡಿಸಿಕೊಟ್ಟಿತು. ಓಡಿಸಲು ಬಾರದವರು ಎಂದು ಗ್ರಾಹಕರ ಮೇಲೆ ಹೊರಿಸಿ ಕೂರಲು ಈ ಸಲವೂ ಅವಕಾಶವಿತ್ತು. ಹಾಗೆ ಮಾಡಲಿಲ್ಲ, ಕಾರಿನ ಹೆಸರೂ ಕೆಡಲಿಲ್ಲ.

ಇಷ್ಟೇ ಆಗಿದ್ದರೆ ನಿರಪರಾಧಿಯೊಬ್ಬ ಬಿದ್ದು ಎದ್ದ ಕತೆಯಾಗುತ್ತಿತ್ತು. ಆದರೆ 2010ರ ಫೆಬ್ರುವರಿಗೆ ಬನ್ನಿ. ಅಮೆರಿಕದ ಫುಟ್‌ಬಾಲ್ ಮಹಾಪಂದ್ಯದ ನಡುವೆ ಔಡಿಯದೊಂದು ಜಾಹೀರಾತು. ಪರಿಸರ ಪೊಲೀಸರು ಪ್ಲಾಸ್ಟಿಕ್ ಚೀಲ ಕೇಳಿದವನನ್ನು, ಹಳೆಯ ಬಲ್ಬ್ ಇಟ್ಟುಕೊಂಡವನನ್ನು ಹಿಡಿದು ಹಿಡಿದು ಒಯ್ಯುತ್ತಾರೆ. ರಸ್ತೆತಡೆಯಲ್ಲಿ ಎ3 ಡೀಸೆಲ್ ಕಾರು ಕಂಡ ಕೂಡಲೇ ನೀನು ಹೋಗಪ್ಪ ಎಂದು ದಾರಿ ಬಿಡುತ್ತಾರೆ. ಆ ವರ್ಷದ ಹಸಿರು ಕಾರು ಎಂಬ ಪ್ರಶಸ್ತಿಯೂ ಅದಕ್ಕೇ ಸಂದಿತ್ತು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನ ಡೀಸೆಲ್ ಕಳ್ಳಾಟ ಬಯಲಾಯಿತು. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಸಭ್ಯವಾಗಿ ವರ್ತಿಸುವಂತೆ ಎಂಜಿನ್ನಿನ ತಂತ್ರಾಂಶವನ್ನು ಬರೆದಿದ್ದರು. ಎ3 ಆ ಪಟ್ಟಿಯಲ್ಲಿತ್ತು, ಪ್ರಶಸ್ತಿ ವಾಪಸಾಯಿತು. ನವೆಂಬರಿನಲ್ಲಿ ಮೂರು ಲೀಟರಿನ ಎಂಜಿನ್ ಕೂಡ ಸಿಕ್ಕಿಬಿತ್ತು, ಅದು ಔಡಿಯೇ ರೂಪಿಸಿದ ಎಂಜಿನ್. 2018ರ ಜೂನ್‌ನಲ್ಲಿ ಔಡಿಯ ಮುಖ್ಯಸ್ಥ ರೂಪರ್ಟ್ ಸ್ಟಾಡ್ಲರ್ ಅವರನ್ನು ಬಂಧಿಸಿದರು. ಅದೇ ವರ್ಷ ಕಂಪನಿ 80 ಕೋಟಿ ಯೂರೋ ದಂಡ ಕಟ್ಟಿತು. 2023ರಲ್ಲಿ ಸ್ಟಾಡ್ಲರ್ ತಪ್ಪೊಪ್ಪಿಕೊಂಡು, ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಗೆ ಒಳಗಾದರು, 11 ಲಕ್ಷ ಯೂರೋ ಕಟ್ಟಬೇಕಾಯಿತು.

ಈ ಸಲ ಅಪರಾಧ ರುಜುವಾತಾಗಿತ್ತು, ಉದ್ದೇಶಪೂರ್ವಕವೂ ಆಗಿತ್ತು. ಹಗರಣದ ಮರುವರ್ಷ, 2016ರಲ್ಲಿ, ಅಮೆರಿಕದಲ್ಲಿ ಔಡಿ 2,10,213 ಕಾರು ಮಾರಿತು. ಹಿಂದಿನ ವರ್ಷಕ್ಕಿಂತ ಶೇ 4ರಷ್ಟು ಹೆಚ್ಚು, ಅಲ್ಲಿಯವರೆಗಿನ ದಾಖಲೆ.

ಈ ಎರಡು ಅಂಕಿಗಳನ್ನು, 12,283 ಮತ್ತು 2,10,213, ಒಂದೇ ಹಾಳೆಯಲ್ಲಿ ಬರೆದು ನೋಡಿದಾಗ ತಲೆ ಗಿರ್ರೆನ್ನುತ್ತದೆ. ಹೊಗೆಯ ವಿಷ ಕಣ್ಣಿಗೆ ಕಾಣದು, ಅದರಿಂದ ಸತ್ತವರ ಮುಖ ಟೀವಿಗೆ ಸಿಗದು ಎಂಬುದು ಒಂದು ಕಾರಣ. ಡೀಸೆಲ್ ಕಾರು ಕೊಳ್ಳುತ್ತಿದ್ದವರೇ ಅಲ್ಲಿ ಕಡಿಮೆ ಎಂಬುದು ಇನ್ನೊಂದು. ಆದರೆ ನನಗೆ ದೊಡ್ಡದಾಗಿ ಕಾಣುವುದು ಮೂರನೆಯದು. ಡೀಸೆಲ್ ಪ್ರಕರಣದಲ್ಲಿ ಕಂಪನಿ ಮಾಲೀಕನಿಗೆ ‘ತಪ್ಪು ನಮ್ಮದು, ಕಾರು ಬಿಟ್ಟು ಹಣ ತೆಗೆದುಕೊಂಡು ಹೋಗಿ’ ಎಂದಿತು, ಕೋರ್ಟಿನ ಒತ್ತಡಕ್ಕಾದರೂ ಎಂದಿತು. ಅವನ ಜೇಬೂ ಮರ್ಯಾದೆಯೂ ಉಳಿದವು. 1986ರಲ್ಲಿ ಮಾತ್ರ, ಮಗುವನ್ನು ಕಳೆದುಕೊಂಡ ಮನೆಗೂ ಗ್ಯಾರೇಜಿನ ಗೋಡೆ ಒಡೆದುಕೊಂಡ ಮನೆಗೂ ಅದು ಹೇಳಿದ್ದು ‘ತಪ್ಪು ನಿಮ್ಮ ಕಾಲಿನದು’ ಎಂದು. ಕನ್ನಡ ಮೇಷ್ಟ್ರು ಬದುಕಿದ್ದರೆ ಆಡಿ ಕೆಟ್ಟದ್ದೂ ಔಡಿಯೇ ಎನ್ನುತ್ತಿದ್ದರೋ ಏನೋ.

ಶಾಸ್ತ್ರಿಯ ಕಾರು ಇಂದಿಗೂ ಇದೆ. ಎಂಎಫ್ಎ 1 ಎಂಬ ನೋಂದಣಿ ಸಂಖ್ಯೆಯ ಆ ಔಡಿಯನ್ನು 2022ರಲ್ಲಿ, ತಿಂಗಳುಗಟ್ಟಲೆ ಕೆಲಸ ಮಾಡಿ ಹೊಸದರಂತೆ ಮಾಡಿಕೊಟ್ಟರು. ಆ ಚಿತ್ರಗಳನ್ನು ಮೊಬೈಲಿನಲ್ಲಿ ನಮ್ಮ ನೆರೆಯವರಿಗೆ ತೋರಿಸಿದೆ. ಅವರೂ ಆ ಫೈನಲ್ ನೋಡಿದವರೇ. ಮಾತು ಕಾರಿನಿಂದ ಕಾರಿಗೆ ಹರಿದು ಕೊನೆಗೆ ನೆಲಮಾಳಿಗೆಯ ಕಂಬಕ್ಕೆ ಬಂದು ನಿಂತಿತು. ಅದಕ್ಕೆ ಈಗ ಹಳದಿ ಕಪ್ಪು ಪಟ್ಟಿ ಬಳಿದಿದ್ದಾರೆ, ಕೆಳಗೆ ಮಾತ್ರ ಕಿತ್ತುಹೋದ ಗಾರೆ ಹಾಗೆಯೇ ಇದೆ. “ಆವತ್ತು ನಾನು ಒತ್ತಿದ್ದು ಬ್ರೇಕೇ,” ಎಂದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮಂಡಿನೋವು ಹೇಗಿದೆ ಎಂದು ಕೇಳಿದೆ.